ಅಧ್ಯಾಯ, ವಚನ ಇಲ್ಲದ ಮಾತು

ಯಾರಾದರೂ "ಹಿರಿಯರು ಹೇಳಿದ್ದಾರೆ" ಎಂದು ಮಾತು ಶುರುಮಾಡಿದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. "ಯಾವ ಹಿರಿಯರು? ಎಲ್ಲಿ ಹೇಳಿದ್ದಾರೆ?" ಎಂದು ಕೇಳಿಬಿಡುತ್ತೇನೆ. ಇದು ಒಳ್ಳೆಯ ಅಭ್ಯಾಸವಲ್ಲ ಎಂದು ನನಗೂ ಗೊತ್ತಿದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ನಮ್ಮವರು ಫೋನಿನಲ್ಲಿ ಬಂದ ಸುಪ್ರಭಾತದ ಸಂದೇಶವನ್ನು ಗಟ್ಟಿಯಾಗಿ ಓದುತ್ತಾರೆ. ಗುಲಾಬಿ ಹೂವಿನ ಚಿತ್ರ, ಅದರ ಕೆಳಗೆ ಒಂದು ಹಿತವಚನ, ಅದರ ಕೆಳಗೆ ಯಾರೋ ಮಹಾತ್ಮರ ಹೆಸರು. "ಅದು ಅವರ ಮಾತಲ್ಲ" ಎಂದು ನಾನು ಅಡುಗೆಮನೆಯಿಂದಲೇ ಹೇಳುತ್ತೇನೆ. "ಯಾರದಾದರೆ ನಿನಗೇನೇ? ಮಾತು ಚೆನ್ನಾಗಿದೆ ತಾನೇ?" ಎಂದು ಅವರು ಉಳಿದ ಕಾಫಿಯನ್ನು ಬಾಲ್ಕನಿಗೆ ತೆಗೆದುಕೊಂಡು ಹೋಗುತ್ತಾರೆ. ಇಲ್ಲಿ ಅಹಮದಾಬಾದಿನ ಸ್ಯಾಟಲೈಟ್‌ ಎಂಬ ಬಡಾವಣೆಯಲ್ಲಿ ನಾವಿರುವ ವಸತಿ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲೂ ಒಮ್ಮೆ ಹೀಗೆಯೇ ಕೇಳಿದ್ದೆ. ಸೆಕ್ರೆಟರಿ ಮಹಾಶಯರು ಕೈಮುಗಿದ ಚಿಹ್ನೆಯೊಂದನ್ನು ಕಳಿಸಿ ಸುಮ್ಮನಾದರು. ಅದು ನಮಸ್ಕಾರವೋ, ಸಾಕುಮಾಡು ತಾಯಿ ಎಂಬ ಬೇಡಿಕೆಯೋ, ನನಗೆ ಇನ್ನೂ ತಿಳಿದಿಲ್ಲ.

ಈ ಚಾಳಿಯ ಬೇರು ಹುಡುಕಿದರೆ ದಾವಣಗೆರೆಯ ನಮ್ಮ ಶಾರದತ್ತೆಯವರೆಗೆ ಹೋಗಬೇಕಾಗುತ್ತದೆ. ಅಪ್ಪನ ಅಕ್ಕ. ಅವರಿಗೆ ಬೇಕಾದದ್ದೆಲ್ಲ ಶಾಸ್ತ್ರದಲ್ಲಿತ್ತು, ಬೇಡವಾದದ್ದು ಯಾವುದೂ ಶಾಸ್ತ್ರದಲ್ಲಿರಲಿಲ್ಲ. ಸಂಜೆ ಹೊತ್ತು ತಲೆ ಬಾಚಬಾರದು ಎನ್ನುವುದಕ್ಕೂ ಶಾಸ್ತ್ರ, ಎದುರುಮನೆಯವರಿಗೆ ಹೆಪ್ಪು ಕೊಡಬಾರದು ಎನ್ನುವುದಕ್ಕೂ ಶಾಸ್ತ್ರ. ಒಂದು ದಿನ ಅಮ್ಮ ಯಾರಿಗೋ ಬರೀ ನೀರು ಕೊಟ್ಟು ಕಳಿಸಿದ್ದಕ್ಕೆ ಅತ್ತೆ ಸಿಡಿಮಿಡಿಗೊಂಡರು.

"ಮಂಗಳವಾರ ಬಂದ ನೆಂಟರನ್ನ ಕಾಫಿ ಕೊಡದೆ ಕಳಿಸಬಾರದು ಅಂತ ಶಾಸ್ತ್ರದಲ್ಲೇ ಬರೆದೈತೆ."

"ಅತ್ತೆ, ಶಾಸ್ತ್ರ ಬರೆಯೋ ಕಾಲಕ್ಕೆ ಕಾಫಿ ಇತ್ತಾ?" ಎಂದು ಕೇಳಿದೆ.

"ಇಲ್ಲದಿದ್ರೆ ಹೆಂಗೆ ಬರೀತಿದ್ರು?" ಎಂದರು ಅತ್ತೆ.

ಈ ಉತ್ತರಕ್ಕೆ ಮರುಪ್ರಶ್ನೆ ನನಗೆ ಇಂದಿಗೂ ಹೊಳೆದಿಲ್ಲ.

ಮುಂದೆ ಮದುವೆಯಾಯಿತು. ನಮ್ಮವರದು ಬ್ಯಾಂಕಿನ ಕೆಲಸ. ವರ್ಗ ಎಂದರೆ ಒಂದು ಊರಿಂದ ಪಕ್ಕದ ಊರಿಗೆ ಎಂದುಕೊಂಡಿದ್ದ ನನಗೆ ಗುಜರಾತು ಎಂಬ ಪದ ಕೇಳಿ ಭೂಪಟ ತೆಗೆಯಬೇಕಾಯಿತು. ಮೊದಲು ವಡೋದರಾ, ಆಮೇಲೆ ಸೂರತ್, ಈಗ ಅಹಮದಾಬಾದ್. ವಡೋದರಾದಲ್ಲಿ ಮಂಜಲ್‌ಪುರದ ಒಂದು ಬಾಡಿಗೆ ಫ್ಲ್ಯಾಟು. ಇವರು ಬ್ಯಾಂಕಿಗೆ, ಮಗ ಶಾಲೆಗೆ ಹೋದ ಮೇಲೆ ಗೋಡೆ ನೋಡುತ್ತಾ ಕೂರುವುದಾಯಿತು. ಇಂಗ್ಲಿಷ್ ಎಂ.ಎ. ಹೇಗೂ ಆಗಿತ್ತು. ಪಿಎಚ್.ಡಿ. ಮಾಡೋಣ ಎಂದು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದೆ.

ಕಾದಂಬರಿಗಳ ಮೇಲೆ ಮಾಡುವ ಆಸೆ ನನಗಿತ್ತು. ನನ್ನ ಗೈಡ್ ಆಗಿದ್ದ ಗುಜರಾತಿ ಪ್ರೊಫೆಸರ್ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕಾದಂಬರಿ ಎಲ್ಲರೂ ಓದಿ ಮುಗಿಸಿಯಾಗಿದೆ. ಹದಿನೇಳನೆಯ ಶತಮಾನದ ಇಂಗ್ಲಿಷ್ ಪಾದ್ರಿಗಳ ಪ್ರಸಂಗಗಳನ್ನು, ಅಂದರೆ ಚರ್ಚಿನ ಉಪದೇಶಗಳನ್ನು, ಯಾರೂ ಓದುವುದಿಲ್ಲ. ಅದರಲ್ಲಿ ಅವರು ಬೈಬಲಿನ ಮಾತುಗಳನ್ನು ಹೇಗೆ ಬಳಸುತ್ತಾರೆ ನೋಡು" ಎಂದರು. ಯಾರೂ ಓದದಿರುವುದಕ್ಕೆ ಏನಾದರೂ ಕಾರಣವಿರಬಹುದಲ್ಲ ಎಂದು ಕೇಳುವ ಧೈರ್ಯ ಬರಲಿಲ್ಲ. ಹೀಗೆ, ಚರ್ಚಿನ ಒಳಗನ್ನು ಸ್ನೇಹಿತೆಯ ಮದುವೆಯಲ್ಲಿ ಒಮ್ಮೆ ಮಾತ್ರ ನೋಡಿದ್ದ ದಾವಣಗೆರೆಯ ಹೆಂಗಸು ಮಂಜಲ್‌ಪುರದಲ್ಲಿ ಕೂತು ಲಂಡನ್ನಿನ ಪಾದ್ರಿಗಳನ್ನು ಓದತೊಡಗಿದಳು.

ಪಕ್ಕದ ಮನೆಯ ಹಂಸಾಬೆನ್ ಒಂದು ದಿನ ಮೇಜಿನ ಮೇಲಿದ್ದ ಬೈಬಲ್ ನೋಡಿ ಹುಬ್ಬೇರಿಸಿದರು.

"ತಮೇ ಕ್ರಿಶ್ಚಿಯನ್ ಛೋ?"

"ನಾ, ನಾ" ಎಂದು ನನಗೆ ಬರುತ್ತಿದ್ದಷ್ಟು ಗುಜರಾತಿಯಲ್ಲಿ ಹೇಳಿದೆ. ಓದಿಗಾಗಿ ಎಂದು ವಿವರಿಸಿದೆ.

ಅವರು ಸ್ವಲ್ಪ ಯೋಚಿಸಿ, "ಆನಾಥೀ ನೋಕರೀ ಮಳಶೇ?" ಎಂದರು. ಇದರಿಂದ ನೌಕರಿ ಸಿಗುತ್ತದೆಯೇ ಎಂದು. ಅದಕ್ಕೂ "ನಾ, ನಾ" ಎಂದೇ ಹೇಳಬೇಕಾಯಿತು. ಮತಾಂತರಕ್ಕಿಂತ ಇದು ದೊಡ್ಡ ಚಿಂತೆಯ ವಿಷಯವೆಂಬಂತೆ ಅವರು ನನ್ನನ್ನು ನೋಡಿದರು. ಆಮೇಲೆ ನನ್ನ ಮೇಲೆ ಅವರಿಗೆ ಒಂದು ಬಗೆಯ ಕನಿಕರ ಹುಟ್ಟಿ, ಆಗಾಗ ಮೆಂತ್ಯಸೊಪ್ಪಿನ ಥೇಪ್ಲಾ ರೊಟ್ಟಿ ಕಳಿಸತೊಡಗಿದರು.

ಆದರೆ ಓದುತ್ತಾ ಹೋದಂತೆ ನನಗೆ ಆ ಪಾದ್ರಿಗಳ ಮೇಲೆ ಸಲಿಗೆ ಬಂತು. ಅವರೆಲ್ಲ ಶಾರದತ್ತೆಯ ಕುಲದವರೇ. ಗಂಟೆಗಟ್ಟಲೆ ಮಾತಾಡುತ್ತಿದ್ದರು, ಮಾತಿಗೊಂದು ಬೈಬಲಿನ ವಾಕ್ಯ. ಪುಸ್ತಕ ತೆರೆದು ನೋಡಿ ಹೇಳುತ್ತಿದ್ದುದು ಕಡಿಮೆ, ಬಾಯಿಗೆ ಬಂದ ಹಾಗೆ ಹೇಳುತ್ತಿದ್ದುದೇ ಹೆಚ್ಚು. ಬಾಲ್ಯದಲ್ಲಿ ಕಲಿತ ಹಳೆಯ ಅನುವಾದದ ಅರ್ಧ, ಆಮೇಲೆ ಬಂದ ಹೊಸ ಅನುವಾದದ ಅರ್ಧ, ನಡುವೆ ಲ್ಯಾಟಿನ್ನಿನಿಂದ ತಾವೇ ಇಳಿಸಿಕೊಂಡ ಒಂದು ತುಂಡು. ಪ್ರವಾದಿಯೊಬ್ಬ "ನೀವು" ಎಂದು ಬೈದಿದ್ದನ್ನು ಇವರು ನಯವಾಗಿ "ನಾವು" ಎಂದು ಮಾಡಿಕೊಳ್ಳುತ್ತಿದ್ದರು. ಅಚ್ಚಾದ ಪುಸ್ತಕದಲ್ಲಿ ಇಂದಿನಂತೆ ಉದ್ಧರಣ ಚಿಹ್ನೆಗಳಿಲ್ಲ. ಓರೆ ಅಕ್ಷರಗಳಲ್ಲಿ ಒಂದಿಷ್ಟು ಮಾತು, ಅಂಚಿನಲ್ಲಿ ಸಣ್ಣದಾಗಿ ಅಧ್ಯಾಯ ಮತ್ತು ವಚನದ ಸಂಖ್ಯೆ. ಆ ಸಂಖ್ಯೆ ಹಿಡಿದು ಹೋದರೆ ಕೆಲವೊಮ್ಮೆ ಅಲ್ಲಿ ಬೇರೆಯೇ ಏನೋ ಇರುತ್ತದೆ. ನನ್ನ ಕೆಲಸವೆಂದರೆ ಓರೆ ಅಕ್ಷರದ ಮಾತನ್ನು ಮೂಲದ ಪಕ್ಕದಲ್ಲಿಟ್ಟು ಎಲ್ಲಿ ಜಾರಿದ್ದಾರೆ ಎಂದು ಗುರುತು ಹಾಕುವುದು. ಸತ್ತು ಮಣ್ಣಾದ ಪಾದ್ರಿಗಳ ಉತ್ತರಪತ್ರಿಕೆ ತಿದ್ದುವ ಮೇಷ್ಟ್ರ ಗತ್ತು ನನಗೆ ಬಂದಿತ್ತು. ಹೊತ್ತುಹೊತ್ತಿಗೆ ಆ ಗತ್ತು ಮನೆಯವರ ಮೇಲೂ ಇಳಿಯುತ್ತಿತ್ತು.

ಥೀಸಿಸ್ ಅರ್ಧವಾಗಿದ್ದಾಗ ಸೂರತ್ತಿಗೆ ವರ್ಗವಾಯಿತು. ಸಾಮಾನೆಲ್ಲ ಲಾರಿಯಲ್ಲಿ ಹೋಯಿತು. ಉಪ್ಪಿನಕಾಯಿ ಭರಣಿ ಮತ್ತು ಪಾದ್ರಿಗಳನ್ನು ಮಾತ್ರ ನಾನೇ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ.

ಸೂರತ್ತಿನ ಶಾಖೆಯಲ್ಲಿ ನಮ್ಮವರಿಗೆ ಸಿಕ್ಕ ಒಬ್ಬನೇ ಕನ್ನಡದವನೆಂದರೆ ಕ್ಯಾಷಿಯರ್ ದಾನಿಯೇಲ. ಅವನ ತಂದೆ ಬೀದರ್ ಕಡೆಯಿಂದ ಬಂದು ಪಾಂಡೇಸರಾದ ಬಟ್ಟೆ ಬಣ್ಣ ಹಾಕುವ ಮಿಲ್ಲಿನಲ್ಲಿ ದುಡಿದವರು. ಅಂಥ ಕೆಲವು ಕುಟುಂಬಗಳು ಅಲ್ಲಿ ಸೇರಿ ಭಾನುವಾರ ಕನ್ನಡದಲ್ಲಿ ಪ್ರಾರ್ಥನೆ ಮಾಡುತ್ತಿದ್ದವು. ಒಂದು ಸಂಜೆ ದಾನಿಯೇಲ ನಮ್ಮವರ ಜೊತೆ ಮನೆಗೆ ಬಂದ. ಕೂತವನು ಬಹಳ ಹೊತ್ತು ಟೀಪಾಯಿಯ ಅಂಚು ಸವರಿದ.

"ಮೇಡಂ, ಪ್ರಸಂಗದಾಗ ಬರೂ ವಾಕ್ಯ ಸತ್ಯವೇದದಾಗ ಎಲ್ಲಿ ಅದಾವ ಅಂತ ಹುಡುಕೂ ಓದು ನೀವು ಓದ್ಲತ್ತೀರಿ ಅಂತ ಸರ್ ಹೇಳಿದ್ರು. ಖರೇ ಏನ್ರಿ?"

ಬೈಬಲನ್ನು ಅವರು ಸತ್ಯವೇದ ಎನ್ನುತ್ತಾರೆ. ನನ್ನ ಸಂಶೋಧನೆಯನ್ನು ಇಷ್ಟು ಸರಳವಾಗಿ ನಾನೇ ಯಾರಿಗೂ ಹೇಳಿರಲಿಲ್ಲ. ಖರೇ ಎಂದು ಒಪ್ಪಿಕೊಂಡೆ.

"ಹಂಗಾದ್ರ ನಮಗೊಂದು ವಾಕ್ಯ ಹುಡುಕಿ ಕೊಡ್ರಿ. ಅದರ ಸಲುವಾಗಿ ನಮ್ಮ ಸಭಾನೇ ಒಡೀಲತ್ತದ."

ಅವನು ಹೇಳಿದ್ದು ಹೀಗೆ. ಆ ಸಭೆಗೆ ಖಾಯಂ ಪಾದ್ರಿಗಳಿರಲಿಲ್ಲ. ಮಿಲ್ಲಿನಲ್ಲಿ ಬಣ್ಣ ಕಲಸುವ ಮಾಸ್ಟರ್ ಆಗಿದ್ದ ಪ್ರಭುದಾಸಪ್ಪ ಎಂಬುವರು ಮೊದಲಿನಿಂದಲೂ ಭಾನುವಾರದ ಪ್ರಸಂಗ ಮಾಡುತ್ತಿದ್ದರು. ಅವರು ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರು ಪ್ರಸಂಗದಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದ ಒಂದು ದೇವರ ವಾಕ್ಯವಿತ್ತು: "ನೀನು ದಣಿದು ಕುಳಿತಲ್ಲಿ ನಾನೂ ಕುಳಿತಿರುವೆನು, ನೀನು ಏಳುವಾಗ ನಿನ್ನೊಂದಿಗೆ ಏಳುವೆನು." ಅದನ್ನೇ ಗೋರಿಯ ಕಲ್ಲಿನ ಮೇಲೆ ಕೆತ್ತಿಸಬೇಕೆಂದು ಅವರ ಹೆಂಡತಿ ಸುಗಂಧಮ್ಮನ ಆಸೆ. ಆದರೆ ಅದರ ಅಧ್ಯಾಯ, ವಚನ ಯಾರಿಗೂ ಗೊತ್ತಿಲ್ಲ. ಪ್ರಭುದಾಸಪ್ಪನವರೊಡನೆ ಸರದಿಯಂತೆ ಪ್ರಸಂಗ ಮಾಡುತ್ತಿದ್ದ, ಸಭೆಯ ಹಿರಿಯರಾದ ಯೋಹಾನಪ್ಪನವರು ಹುಡುಕಿ ಸೋತು, ಇದು ಸತ್ಯವೇದದಲ್ಲಿಲ್ಲ, ಬೇರೆ ವಾಕ್ಯ ಹಾಕಿ ಎಂದರು. ಸುಗಂಧಮ್ಮ ಒಪ್ಪಲಿಲ್ಲ. ನನ್ನ ಗಂಡ ದೇವರ ಹೆಸರಿನಲ್ಲಿ ಸುಳ್ಳು ಹೇಳಿದರೇ ಎಂದು ಕೇಳಿದರು. ಕಲ್ಲು ನಿಲ್ಲಲಿಲ್ಲ. ಕೆಲವರು ಆ ಕಡೆ, ಕೆಲವರು ಈ ಕಡೆ. ಈಗ ಕೆಲವು ಮನೆಯವರು ಭಾನುವಾರ ಬರುವುದನ್ನೇ ಬಿಟ್ಟಿದ್ದಾರೆ.

"ನಾನು ಹುಡುಕಿ ಕೊಡ್ತೀನಿ ಬಿಡು" ಎಂದೆ. ಎಷ್ಟು ಹಗುರವಾಗಿ ಹೇಳಿದೆನೆಂದರೆ, ನಮ್ಮವರು ಪತ್ರಿಕೆಯ ಮೇಲಿನಿಂದ ನನ್ನನ್ನೊಮ್ಮೆ ನೋಡಿದರು.

ಮುಂದಿನ ಭಾನುವಾರ ದಾನಿಯೇಲ ನನ್ನನ್ನು ಪಾಂಡೇಸರಾಕ್ಕೆ ಕರೆದುಕೊಂಡು ಹೋದ. ಸೀರೆಯ ಗಂಟುಗಳನ್ನು ಹೇರಿಕೊಂಡ ಟೆಂಪೋಗಳ ನಡುವೆ ಆಟೋ ನುಸುಳಿ, ಒಂದು ಕಿರಾಣಿ ಅಂಗಡಿಯ ಮುಂದೆ ನಿಂತಿತು. ಅಂಗಡಿಯ ಮೇಲಿನ ಕೋಣೆಯೇ ಸಭೆ. ಜಮಖಾನ, ಒಂದು ಹಾರ್ಮೋನಿಯಂ, ಕಿಟಕಿಯಿಂದ ಬರುವ ಬಣ್ಣದ ನೀರಿನ ಘಾಟು. ಪ್ರಾರ್ಥನೆ ಮುಗಿದಿತ್ತು. ಯೋಹಾನಪ್ಪನವರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಪೆನ್ನು. ರೈಲಿನ ವೇಳೆ ಹೇಳುವಷ್ಟು ಖಚಿತವಾಗಿ ಅಧ್ಯಾಯ ಮತ್ತು ವಚನ ಹೇಳುತ್ತಿದ್ದರು. ಮೂಲೆಯಲ್ಲಿ ಸೆರಗು ತಲೆಯ ಮೇಲೆಳೆದುಕೊಂಡು ಕೂತಿದ್ದ ತೆಳ್ಳನೆಯ ಮುದುಕಿ ಸುಗಂಧಮ್ಮ.

"ಇಲ್ರಿ ಮೇಡಂ, ನನಗೇನು ಪ್ರಭುದಾಸನ ಮ್ಯಾಲ ಸಿಟ್ಟಿಲ್ಲ" ಎಂದರು ಯೋಹಾನಪ್ಪ. "ಅವನೂ ನಾನೂ ಒಂದೇ ತಾಟಿನಾಗ ಉಂಡಾವ್ರು. ಆದ್ರ ದೇವರ ಮಾತಿಗಿ ಒಂದ್ ಅಕ್ಷರ ಕೂಡಸಬಾರದು ಅಂತ ಅದರಾಗೇ ಹೇಳ್ಯದ. ಕೂಡಿಸಿ ಕಲ್ಲಿನ ಮ್ಯಾಲ ಕೆತ್ತಿದ್ರ ಅಳಸ್ಲಾಕ ಬರ್ತದೇನು?"

"ಅಣ್ಣಾ, ನಿಮಗ ಸಿಕ್ಕಿಲ್ಲಂದ್ರ ಇಲ್ಲ ಅಂತೇನು?" ಎಂದರು ಸುಗಂಧಮ್ಮ, ತಲೆ ಎತ್ತದೆ. "ನಮ್ಮವ್ರು ಸುಳ್ಳ ಹೇಳಾವ್ರಲ್ಲ."

"ಸುಳ್ಳ ಅಂತ ನಾ ಯಾವಾಗ ಅಂದೆ ತಂಗಿ?"

"ಮತ್ತ ಏನಂದ್ರಿ?"

ಯೋಹಾನಪ್ಪನವರು ಕಿಸೆಯ ಪೆನ್ನನ್ನು ಸರಿಮಾಡಿಕೊಂಡರು. ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು. ಅಲ್ಲಿಯವರೆಗೆ ನನ್ನ ಓದಿನ ಫಲಕ್ಕಾಗಿ ಕಾದವರೆಂದರೆ ನನ್ನ ಗೈಡ್ ಒಬ್ಬರೇ. ಅವರೂ ಅಷ್ಟು ಆತುರದಿಂದ ಕಾದಿರಲಿಲ್ಲ.

ಹೊರಡುವಾಗ ಸುಗಂಧಮ್ಮ ಮೆಟ್ಟಿಲ ಬಳಿ ನನ್ನ ಕೈ ಹಿಡಿದರು. "ಸಿಕ್ತದಲ್ರಿ ಅಕ್ಕೋರ?" ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ಎಷ್ಟು ಸುಲಭ.

ಹುಡುಕಿದೆ. ಫೋನಿನಲ್ಲಿ ಕನ್ನಡದ ಬೈಬಲ್ ಇಳಿಸಿಕೊಂಡು "ದಣಿದು", "ಕುಳಿತು", "ಏಳು" ಎಂದೆಲ್ಲ ಒತ್ತಿ ನೋಡಿದೆ. ಹಳೆಯ ಕನ್ನಡ ಅನುವಾದದಲ್ಲಿ ಬೇರೆ ಪದಗಳಿರಬಹುದೆಂದು ದಾನಿಯೇಲನ ಅಜ್ಜಿಯ ಕಾಲದ, ಬೆನ್ನು ಹರಿದ ಪ್ರತಿಯನ್ನು ತರಿಸಿಕೊಂಡು ಪುಟ ತಿರುವಿದೆ. ಸಭೆಯ ಹಾಡಿನ ಪುಸ್ತಕ ನೋಡಿದೆ. ಪ್ರಭುದಾಸಪ್ಪ ಹಿಂದಿ ಪ್ರಾರ್ಥನೆಗೂ ಹೋಗುತ್ತಿದ್ದರೆಂದು ತಿಳಿದು ಹಿಂದಿಯಲ್ಲೂ ಹುಡುಕಿದೆ. ಸಾರಿನ ಒಗ್ಗರಣೆ ಸೀದುಹೋಯಿತು. ಮಗ ಬಂದು, "ಅಮ್ಮಾ, ಯೇ ಎಗ್ಸಾಮ್ ಕೇ ಲಿಯೇ ಹೈ ಕ್ಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ.

ಸಿಕ್ಕಿದ್ದು ಇಷ್ಟು. ನಾನು ಕೂರುವುದೂ ಏಳುವುದೂ ದೇವರಿಗೆ ಗೊತ್ತು ಎಂಬ ಅರ್ಥದ ಮಾತು ಬೈಬಲಿನ ಕೀರ್ತನೆಗಳಲ್ಲಿದೆ. ದಣಿದವರಿಗೆ ದೇವರು ಬಲ ಕೊಡುತ್ತಾನೆ ಎಂಬ ಅರ್ಥದ ಮಾತು ಒಬ್ಬ ಪ್ರವಾದಿಯ ಪುಸ್ತಕದಲ್ಲಿದೆ. ಎರಡೂ ಎಲ್ಲೋ ಒಂದು ಕಡೆ ಪ್ರಭುದಾಸಪ್ಪನವರ ನೆನಪಿನಲ್ಲಿ ಕೂಡಿಕೊಂಡಿರಬೇಕು. ನನ್ನ ಪಾದ್ರಿಗಳು ದಿನವೂ ಮಾಡುತ್ತಿದ್ದ ಕೆಲಸ ಅದು, ನನಗೆ ಆಶ್ಚರ್ಯವಾಗಲಿಲ್ಲ. ಆದರೆ ಕೂಡಿಸಿದ ಮೇಲೂ ಒಂದು ತುಂಡು ಉಳಿಯುತ್ತಿತ್ತು. ಆ ಪುಸ್ತಕದ ದೇವರು ದಣಿದವನನ್ನು ನೋಡುತ್ತಾನೆ, ಎತ್ತುತ್ತಾನೆ, ನಡೆಸುತ್ತಾನೆ. ದಣಿದವನ ಪಕ್ಕದಲ್ಲಿ ತಾನೂ ಕೂತುಬಿಡುತ್ತೇನೆ ಎಂದು ನಾನು ನೋಡಿದ ಯಾವ ಕಡೆಯೂ ಹೇಳುವುದಿಲ್ಲ.

"ಇಲ್ಲ ಅಂತ ಹೇಳಿಬಿಡು" ಎಂದರು ನಮ್ಮವರು. "ನಿನಗೆ ಅಭ್ಯಾಸ ಇದೆಯಲ್ಲ."

ಅಭ್ಯಾಸವಿದ್ದದ್ದು ನಿಜ. ಆದರೆ ಲಂಡನ್ನಿನ ಯಾವ ಪಾದ್ರಿಯ ಹೆಂಡತಿಯೂ ನನ್ನ ಕೈ ಹಿಡಿದು ಸಿಕ್ತದಲ್ಲ ಎಂದು ಕೇಳಿರಲಿಲ್ಲ. ದೂರದ ಏನೋ ಒಂದು ವಚನದ ಸಂಖ್ಯೆ ಕೊಟ್ಟು ಇದೇ ಎಂದುಬಿಡಬಹುದಿತ್ತು. ಹಳೆಯ ಪುಸ್ತಕಗಳ ಅಂಚಿನಲ್ಲಿ ಅಂಥ ಸಂಖ್ಯೆಗಳು ಬೇಕಾದಷ್ಟಿವೆ, ಯಾರೂ ಹೋಗಿ ನೋಡಿಲ್ಲ. ಆದರೆ ಯೋಹಾನಪ್ಪ ನೋಡುತ್ತಾರೆ. ಅವರು ನೋಡದಿದ್ದರೂ, ಸುಗಂಧಮ್ಮ ಅದನ್ನು ನಂಬಿ ಕಲ್ಲು ನಿಲ್ಲಿಸಿ ಊರಿಗೆಲ್ಲ ಹೇಳುತ್ತಾರೆ ಎನ್ನುವುದು ನನ್ನನ್ನು ತಡೆಯಿತು. ಸಭೆಯ ಮುಂದೆ ಹೇಳುವ ಮೊದಲು ಅವರಿಗೊಬ್ಬರಿಗೇ ಹೇಳುವುದು ಸರಿ ಎನಿಸಿತು.

ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಮಿಲ್ಲಿನ ಹಿಂದಿನ ಓಣಿಯಲ್ಲಿ ಒಂದೇ ಕೋಣೆ. ಒಬ್ಬರೇ ಕೂತು ಮಿಲ್ಲಿನ ದುಪಟ್ಟಾಗಳಿಗೆ ಗೊಂಡೆ ಕಟ್ಟುತ್ತಿದ್ದರು. ನನ್ನನ್ನು ಮಂಚದ ಮೇಲೆ ಕೂರಿಸಿ, ತಾವು ನೆಲದ ಮೇಲೆ ಕೂತು ಮತ್ತೆ ಗೊಂಡೆ ಕೈಗೆ ತೆಗೆದುಕೊಂಡರು.

"ಇಲ್ಲ ಸುಗಂಧಮ್ಮ" ಎಂದೆ. "ಎಲ್ಲಾ ಕಡೆ ನೋಡಿದೆ. ಅದರಲ್ಲಿಲ್ಲ."

ಅವರ ಬೆರಳು ನಿಂತಿತು. ಎರಡು ಕಡೆ ಅದರ ಹತ್ತಿರದ ಮಾತುಗಳಿವೆ, ಆದರೆ ಈ ಮಾತು ಹೀಗೇ ಇಲ್ಲ, ಪಕ್ಕದಲ್ಲಿ ಕೂರುತ್ತೇನೆ ಎನ್ನುವುದಂತೂ ಇಲ್ಲವೇ ಇಲ್ಲ ಎಂದು ಒಂದೊಂದಾಗಿ ಹೇಳಿದೆ. ದೊಡ್ಡ ದೊಡ್ಡ ಪಾದ್ರಿಗಳೂ ಹೀಗೆ ನೆನಪಿನಿಂದ ಹೇಳುತ್ತಿದ್ದರು, ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ ಎಂದೂ ಸೇರಿಸಿದೆ. ಅವರು ಪಾದ್ರಿಗಳ ವಿಷಯ ಕೇಳಿಸಿಕೊಂಡಂತೆ ಕಾಣಲಿಲ್ಲ.

"ಹಂಗಾದ್ರ ಇದು ಯಾರ ಮಾತ್ರಿ?"

"ನಿಮ್ಮವರದೇ ಇರಬೇಕು."

"ದೇವರದಲ್ಲ?"

"ಪುಸ್ತಕದ್ದಲ್ಲ. ಅಷ್ಟು ಮಾತ್ರ ನಾನು ಹೇಳಬಲ್ಲೆ."

ಅವರು ಗೊಂಡೆಯನ್ನು ಪಕ್ಕಕ್ಕಿಟ್ಟರು. ಅಳುತ್ತಾರೇನೋ ಎಂದು ನನಗೆ ಭಯವಾಯಿತು. ಅಳಲಿಲ್ಲ. ಗೋಡೆಗೆ ಒರಗಿ, ಎದುರಿನ ಬಾಗಿಲಾಚೆ ನೋಡುತ್ತಾ ಮಾತಾಡಿದರು.

"ನಾ ಲಗ್ನ ಆಗಿ ಬಂದಾಗ ಇಲ್ಲೇ ಉಧನಾ ಸ್ಟೇಶನ್‌ದಾಗ ಇಳದ್ವಿ. ಭಾಳ ಸಣ್ಣಾಕಿ ಇದ್ದೆ. ಮಾತು ತಿಳೀವಲ್ದು, ಹೊಗಿ, ಮಂದಿ. ನಾ ಟ್ರಂಕಿನ ಮ್ಯಾಲ ಕುಂತಬಿಟ್ಟೆ. ಮುಂದ ಒಂದ್ ಹೆಜ್ಜಿ ಇಡಲ್ಲ, ನನ್ನ ನಮ್ಮ ಊರಿಗಿ ಕಳಸ್ರಿ ಅಂತ ಅಳ್ಲತ್ತಿದ್ದೆ. ಗಾಡಿ ಹೋತು, ಮಂದಿ ಹೋದ್ರು. ಬ್ಯಾರೆ ಗಂಡಸಾಗಿದ್ರ ಬಡೀತಿದ್ದ. ಇವ್ರು ಏಳು ಅಂತ ಒಂದ್ ಸಲಾನೂ ಅನ್ಲಿಲ್ಲ. ಬಾಜೂಕ ನೆಲದ ಮ್ಯಾಲ ಕುಂತ್ರು. ಸುಮ್ಮ ಕುಂತ್ರು. ಭಾಳ ಹೊತ್ತಾದ ಮ್ಯಾಲ ಈ ಮಾತ ಅಂದ್ರು. ಇದು ನಂದಲ್ಲ, ದೇವ್ರು ಹೇಳ್ಯಾನ, ಸತ್ಯವೇದದಾಗ ಅದ ಅಂದ್ರು. ದೇವ್ರೇ ಹೇಳ್ಯಾನಂದ್ರ ನಾ ಏನ್ ಮಾಡ್ಲಿ? ಎದ್ದೆ."

ಆಮೇಲೆ ಅವರ ತುಟಿಯ ಕೊನೆ ಮೇಲೆ ಹೋಯಿತು.

"ನೋಡ್ರಿ ಅಕ್ಕೋರ ಹೆಂಗ ಮಾಡ್ಯಾನ. ಬಾಜೂಕ ಕುಂತಾವ ಇಂವ. ಹೆಸರ ದೇವ್ರದು ಹೇಳ್ಯಾನ."

ಅಷ್ಟು ದಿನವೂ, ಆ ದಿನ ಅಷ್ಟು ಹೊತ್ತೂ, ಗಂಡನನ್ನು "ಅವ್ರು" "ಇವ್ರು" ಎನ್ನುತ್ತಿದ್ದವರು ಇದ್ದಕ್ಕಿದ್ದಂತೆ "ಇಂವ" ಎಂದರು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ಹೊಸ ಮದುವಣಗಿತ್ತಿಯರು ನಗುವ ಹಾಗೆ. ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಗೊಂಡೆಗಳನ್ನು ನೋಡುತ್ತಾ ಕೂತೆ.

"ನಮ್ಮ ಲಗ್ನಕ್ಕ ಮದಲ ಅಂವಗ ಓದ್ಲಾಕೂ ಬರ್ತಿದ್ದಿಲ್ಲ" ಎಂದರು. "ನಾ ಇಲ್ಲಿ ಬಂದ ಮ್ಯಾಲ ಕಲ್ತ. ಇದ ನನಗ ಇಷ್ಟ ದಿನ ಹೊಳೀಲಿಲ್ಲ ನೋಡ್ರಿ."

ಅಂದು ಸಂಜೆಯೇ ಅವರು ದಾನಿಯೇಲನ ಕೈಲಿ ಹೇಳಿಕಳಿಸಿ, ಮುಂದಿನ ಭಾನುವಾರ ಎಲ್ಲರೂ ಬರಬೇಕೆಂದು ಕರೆದರು. ಬರುವುದನ್ನು ಬಿಟ್ಟಿದ್ದ ಮನೆಯವರೂ ಬಂದರು, ಬಹುಶಃ ಜಗಳ ನೋಡಲು. ಪ್ರಾರ್ಥನೆ ಮುಗಿದ ಮೇಲೆ ನಾನು ಸಿಕ್ಕಿದ್ದನ್ನೂ ಸಿಗದಿದ್ದನ್ನೂ ಹೇಳಿದೆ. ಯೋಹಾನಪ್ಪನವರು ಗೆದ್ದವರಂತೆ ಕಾಣಲಿಲ್ಲ. ಕನ್ನಡಕ ಒರೆಸಿಕೊಂಡರು.

"ತಂಗಿ, ನಾ ಹೇಳಿದ್ದೂ ಇದೇ. ಈಗಾದ್ರೂ ಬ್ಯಾರೆ ವಾಕ್ಯ ಹಾಕಮಿ."

"ಬ್ಯಾರೇದು ಬ್ಯಾಡ್ರಿ ಅಣ್ಣಾ. ಇದೇ ಹಾಕಮಿ. ಅಧ್ಯಾಯ, ವಚನ ಹಾಕೂದು ಬ್ಯಾಡ. ಸತ್ಯವೇದದ್ದು ಅಂತ ಹಾಕೂದು ಬ್ಯಾಡ."

"ಹಂಗಂದ್ರ ಅದು ಮನುಷ್ಯನ ಮಾತಾಗ್ತದ. ಗೋರಿ ಮ್ಯಾಲ ಮನುಷ್ಯನ ಮಾತು ಹಾಕ್ತಾರೇನು?"

"ಒಳಗ ಮಲಗಿದಾವ ಮನುಷ್ಯನೇ ಅಲ್ಲೇನ್ರಿ?" ಎಂದರು ಸುಗಂಧಮ್ಮ.

ಹಿಂದೆ ಕೂತಿದ್ದ ಯಾರೋ ನಕ್ಕರು. ಯೋಹಾನಪ್ಪ ನಗಲಿಲ್ಲ. ಅವರು ಆ ಮಾತನ್ನು ತುಟಿಯಲ್ಲೇ ಮತ್ತೊಮ್ಮೆ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ದೇವರ ಹೆಸರ ತೆಗದ್ರ ಇದರಾಗ ‘ನಾನು’ ಅಂತ ಅದ ನೋಡ್ರಿ, ಅಂವ ಯಾರಾಗ್ತಾನ?" ಎಂದರು. ಕೇಳಿದ ಮೇಲೆ ಅವರಿಗೇ ಉತ್ತರ ತಿಳಿದಿರಬೇಕು. ಸುಗಂಧಮ್ಮನ ಕಡೆ ನೋಡಿ, ತಕ್ಷಣ ಬೇರೆ ಕಡೆ ನೋಡಿದರು. ಮಾತು ಮುಗಿಯಿತೆಂದು ನಾನಂದುಕೊಂಡೆ. ಆದರೆ ಗಾರ್ಡ್ ಆಗಿದ್ದವರು ಹಸಿರು ಬಾವುಟ ತೋರಿಸದೆ ಗಾಡಿ ಹೊರಡಿಸುವವರಲ್ಲ.

"ಏಳುವಾಗ ನಿನ್ನೊಂದಿಗೆ ಏಳುವೆನು ಅಂತ ಅದ" ಎಂದರು ನಿಧಾನವಾಗಿ. "ಕಡೀ ದಿನ ಸತ್ತಾವ್ರೆಲ್ಲಾ ಏಳ್ತಾರ. ಅದು ಸತ್ಯವೇದದಾಗ ಅದ, ಅದರಾಗೇನೂ ಅನುಮಾನಿಲ್ಲ. ಅಷ್ಟರ ಮಟ್ಟಿಗೆ ಈ ಮಾತಿನಾಗ ತಪ್ಪಿಲ್ಲ." ಸಭೆಯನ್ನೆಲ್ಲ ಒಮ್ಮೆ ನೋಡಿದರು. "ಹಾಕಮಿ."

ಕಲ್ಲು ಕೆತ್ತುವವನಿಗೆ ಕನ್ನಡ ಬರುತ್ತಿರಲಿಲ್ಲ. ನಾನೇ ದೊಡ್ಡ ಹಾಳೆಯ ಮೇಲೆ ಅಕ್ಷರ ಬರೆದುಕೊಟ್ಟೆ. ಅವನು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, ಒತ್ತಕ್ಷರದ ಮೇಲೆ ಬೆರಳಿಟ್ಟು, "ಬೆಹನ್, ಯೇ ನೀಚೇ ಗಿರ್ ಗಯಾ ಹೈ ಕ್ಯಾ? ಊಪರ್ ಲೇ ಲೂಂ?" ಎಂದು ಕೇಳಿದ. ಬೇಡಪ್ಪಾ, ಅದು ಬಿದ್ದದ್ದಲ್ಲ, ಅದರ ಜಾಗವೇ ಅದು ಎಂದು ತಿಳಿಸಿ ಹೇಳಬೇಕಾಯಿತು. ಕಲ್ಲು ಸಿದ್ಧವಾದಾಗ ಅಕ್ಷರಗಳು ಗುಜರಾತಿ ಲಿಪಿಯ ಒಂದು ಛಾಯೆಯನ್ನು ಹೊತ್ತಿದ್ದವು, ಆದರೆ ಎಲ್ಲವೂ ಇದ್ದವು. ಮೇಲೆ ಪ್ರಭುದಾಸಪ್ಪನವರ ಹೆಸರು, ಕೆಳಗೆ ಆ ಮಾತು. ಅಂಚಿನಲ್ಲಿ ಯಾವ ಸಂಖ್ಯೆಯೂ ಇರಲಿಲ್ಲ.

ಕಲ್ಲು ನಿಲ್ಲಿಸಿದ ದಿನ ಬೆಳಿಗ್ಗೆ ಎಲ್ಲರೂ ಸ್ಮಶಾನಕ್ಕೆ ಹೋದೆವು. ಯೋಹಾನಪ್ಪನವರೇ ಪ್ರಾರ್ಥನೆ ನಡೆಸಿದರು. ಅವರು ಹೇಳಿದ ಪ್ರತಿ ವಾಕ್ಯಕ್ಕೂ ಅಧ್ಯಾಯ ಇತ್ತು, ವಚನ ಇತ್ತು. ನಾನು ಮನಸ್ಸಿನಲ್ಲೇ ತಾಳೆ ನೋಡುತ್ತಾ ಹೋದೆ, ಒಂದು ಅಕ್ಷರವೂ ಜಾರಲಿಲ್ಲ. ಹಿಂದಿನ ಸಾಲಿನಲ್ಲಿ ಅವರ ಹೆಂಡತಿ ಕೊಡೆ ಹಿಡಿದು ನಿಂತಿದ್ದರು. ಗಂಡನ ಪ್ರಸಂಗದಲ್ಲಿ ಮುಂದೆ ಏನು ಬರುತ್ತದೆಂದು ಗೊತ್ತಿರುವವರ ಮುಖ. ಸುಗಂಧಮ್ಮ ಕಲ್ಲಿನ ಮೇಲೆ ಕೈಯಾಡಿಸುತ್ತಾ, ನೋಡಲು ಬಂದವರಿಗೆಲ್ಲ "ಇದು ನಮ್ಮವರದೇ ಮಾತು" ಎಂದು ಹೇಳುತ್ತಿದ್ದರು.

ಗೇಟಿನ ಕಡೆ ನಡೆಯುವಾಗ ಯೋಹಾನಪ್ಪ ನನ್ನ ಪಕ್ಕದಲ್ಲಿ ಬಂದರು.

"ಮೇಡಂ, ನಾ ಭಾಳ ವರ್ಷದಿಂದ ಪ್ರಸಂಗ ಮಾಡ್ಲತ್ತೀನಿ."

"ಹೌದು ಸರ್, ದಾನಿಯೇಲ ಹೇಳಿದ."

"ಒಂದ್ ವಾಕ್ಯ ತಪ್ಪಿ ಹೇಳಿಲ್ಲ ನಾ."

"ಕೇಳಿದೆನಲ್ಲ ಸರ್, ಇವತ್ತೂ ಒಂದೂ ತಪ್ಪಿಲ್ಲ."

ಅದನ್ನು ಹೊಗಳಿಕೆ ಎಂದು ಹೇಳಿದ್ದೆ. ಅವರಿಗೆ ಹಾಗೆ ಕೇಳಿಸಿದಂತೆ ಕಾಣಲಿಲ್ಲ. ಬೇವಿನ ಮರದ ನೆರಳಿನಲ್ಲಿ ನಿಂತರು.

"ಹಂಗಾದ್ರ ಅಷ್ಟರಾಗ ನಂದು ಅಂತ ಒಂದ್ ಮಾತು ಇರ್ಲಿಕ್ಕಿಲ್ಲ, ಅಲ್ಲೇನ್ರಿ?"

ಎಲ್ಲರ ಮಾತಿನ ಮೂಲ ಕೇಳುವ ನನಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಹುಡುಕಿ ನೋಡಬೇಕು ಸರ್" ಎಂದೆ.

"ನೋಡ್ರಿ" ಎಂದರು. ಕೊಡೆ ಮಡಚಿಕೊಂಡು ನಿಧಾನವಾಗಿ ಬರುತ್ತಿದ್ದ ಹೆಂಡತಿಯ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದರು. "ಸಿಕ್ರ ನನಗ ಹೇಳೂದು ಬ್ಯಾಡ್ರಿ. ನಮ್ಮ ಮನಿಯಾಕಿಗಿ ಹೇಳ್ರಿ."